ಮೊಣಕೈ ಮಡಚಿ ಮುಳುಗಿದ ಮೇಷ್ಟ್ರು

ಕಥೆ ಅಂದ ಕೂಡಲೇ ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ಶುರು ಮಾಡಬೇಕು ಅಂತೀರಿ. ಇರಲಿ, ಒಂದೂರು ಇತ್ತು. ಕಡಲ ದಡದ ಊರು. ಅಲ್ಲೊಬ್ಬ ಮೇಷ್ಟ್ರು ಇದ್ದರು. ಹಣದ ಶ್ರೀಮಂತರಲ್ಲ, ನಿಯಮದ ಶ್ರೀಮಂತರು. ಕೇಳಿದವರಿಗೂ ಕೊಡೋರು, ಕೇಳದವರಿಗೂ ಕೊಡೋರು.

ಎಲ್ಲಿ ಮೇಷ್ಟ್ರು? ಕರಾವಳಿ ಕಾವಲು ಪಡೆಯ ತರಬೇತಿ ಶಾಲೆಯಲ್ಲಿ. ನೋಡಿ, ಅದು ದೊಡ್ಡ ಕೆಲಸ. ಗಾಳಿಗೆ ಮೀನುಗಾರರ ದೋಣಿ ಮಗುಚಿದರೆ, ಕಡಲಿಗೆ ಇಳಿದವರನ್ನ ಸುಳಿ ಎಳೆದರೆ, ಓಡಿ ಹೋಗಿ ಜೀವ ಉಳಿಸೋ ಗಂಡುಮಕ್ಕಳು ಹೆಣ್ಣುಮಕ್ಕಳು ತಯಾರಾಗೋದು ಅಲ್ಲಿ. ಆ ಶಾಲೆಯಿಂದ ಹೊರಟವರು ಎಷ್ಟೋ ತಾಯಂದಿರ ಕಣ್ಣೀರು ಒರೆಸಿದ್ದಾರೆ.

ಆದರೆ ಈ ಮೇಷ್ಟ್ರು ಬಂದ ಹೊಸದರಲ್ಲಿ ಒಂದು ಎಡವಟ್ಟಾಯಿತು. ಊರ ಪಟೇಲರು ಬೆಳಗಿನ ಸ್ನಾನಕ್ಕೆ ಕಡಲಿಗೆ ಇಳಿದು, ಹೊಟ್ಟೆ ಮೇಲೆ ಮಾಡಿ, ಕಣ್ಣು ಮುಚ್ಚಿ ಸುಖವಾಗಿ ತೇಲ್ತಾ ಇದ್ದರು. ಶಾಲೆಯ ಹುಡುಗರು ನೋಡಿದರು. ಅಯ್ಯೋ ಪಾಪ ಅಂದುಕೊಂಡು ಹಾರಿ, ಜುಟ್ಟು ಹಿಡಿದು ಎಳೆದು ತಂದು, ಮರಳಿನ ಮೇಲೆ ಕೆಡವಿ ಹೊಟ್ಟೆ ಅಮುಕಿದರು. ನಿನ್ನೆಯ ಊಟವೆಲ್ಲ ಆಚೆ ಬಂತು. ಪಟೇಲರು ಊರ ಮುಂದೆ ನಿಂತು ಮೇಷ್ಟ್ರ ಮಾನ ಕಳೆದರು.

ಮಾನ ಹೋದ ಮನುಷ್ಯ ಏನು ಮಾಡ್ತಾನೆ? ನಿಯಮ ಮಾಡ್ತಾನೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: ಮುಳುಗುವವನು ಮುಖ ದಡದ ಕಡೆ ಇಟ್ಟಿರಬೇಕು. ಬಲಗೈ ನೆಟ್ಟಗೆ ಎತ್ತಿರಬೇಕು, ಮೊಣಕೈ ಮಡಚಬಾರದು. 'ಕಾಪಾಡಿ' ಅಂತ ಮೂರು ಸಲ ಸ್ಪಷ್ಟವಾಗಿ ಕೂಗಬೇಕು. ಹೀಗೆ ಮಾಡದವನು ಮುಳುಗ್ತಾ ಇಲ್ಲ, ಸ್ನಾನ ಮಾಡ್ತಾ ಇದ್ದಾನೆ. ಅವನನ್ನ ಮುಟ್ಟಿದರೆ ಜೋಕೆ.

ಮಕ್ಕಳು ಇದನ್ನ ಮಗ್ಗಿ ಹಾಗೆ ಬಾಯಿಪಾಠ ಮಾಡಿದರು.

ಒಂದು ದಿನ ಬೆಳಿಗ್ಗೆ ದೋಣಿ ಕಟ್ಟೋ ಧಕ್ಕೆಯ ಮೇಲೆ ಪಾಠ. ಸಾಲಾಗಿ ಮಕ್ಕಳು, ಒಬ್ಬನ ಕೈಯಲ್ಲಿ ಮುಳುಗೋರನ್ನ ತೇಲಿಸೋ ಕೆಂಪು ಟ್ಯೂಬು. ಕಾಪಾಡೋನು ಹೇಗೆ ನಿಲ್ಲಬೇಕು ಅಂತ ತೋರಿಸೋಕೆ ಮೇಷ್ಟ್ರು ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಅಲ್ಲಿ ಪಾಚಿ. ಬೂಟು ಸಮೇತ ನೀರಿಗೆ.

ಮೇಷ್ಟ್ರಿಗೆ ಈಜು ಬರ್ತಿತ್ತಾ? ನೋಡಿ, ಈ ಪ್ರಶ್ನೆ ಇದುವರೆಗೆ ಯಾರೂ ಕೇಳಿರಲಿಲ್ಲ. ದಡದಲ್ಲಿ ನಿಂತೇ ಕಲಿಸಿದವರು. ಬರ್ತಿರಲಿಲ್ಲ.

ಎರಡೂ ಕೈ ಬಡಿದರು. ಉಪ್ಪುನೀರು ಕುಡಿದರು. ಧಕ್ಕೆಯ ಮೇಲೆ ಮಕ್ಕಳು ಗಮನವಿಟ್ಟು ನೋಡಿದರು.

"ಎರಡೂ ಕೈ ಆಡಿಸ್ತಿದ್ದಾರಲ್ಲ? ಪಾಠದಲ್ಲಿ ಬಲಗೈ ಮಾತ್ರ ತಾನೆ?" ಅಂದ ಒಬ್ಬ.

"ಬೇಕು ಅಂತಲೇ ತಪ್ಪು ಮಾಡ್ತಿದ್ದಾರೆ ಕಣೋ. ನಾವು ಹಾರ್ತೀವಾ ಅಂತ ಪರೀಕ್ಷೆ," ಅಂದ ಟ್ಯೂಬು ಹಿಡಿದೋನು.

"ಮುಖ ನೀಲಿಯಾಗ್ತಿದೆ," ಅಂದಳು ಒಬ್ಬ ಹುಡುಗಿ.

"ಸಾರ್ ಯಾವ ಕೆಲಸಾನೂ ಶ್ರದ್ಧೆಯಿಂದಲೇ ಮಾಡೋದು," ಅಂದ ಟ್ಯೂಬಿನೋನು.

ನೀರೊಳಗೆ ಮೇಷ್ಟ್ರಿಗೆ ಮೊದಲು ಬಂದದ್ದು ಸಿಟ್ಟು. ಈ ಕತ್ತೆಗಳು ಯಾಕೆ ನಿಂತಿವೆ? ಮರುಕ್ಷಣ ಅರ್ಥವಾಯಿತು. ಕತ್ತೆಗಳಲ್ಲ, ಒಳ್ಳೇ ವಿದ್ಯಾರ್ಥಿಗಳು. ಹೇಳಿಕೊಟ್ಟದ್ದನ್ನ ಹೇಳಿಕೊಟ್ಟ ಹಾಗೇ ಮಾಡ್ತಿದ್ದಾರೆ. ಸಾಯೋ ಹೊತ್ತಲ್ಲೂ ಅವರಿಗೆ ಸ್ವಲ್ಪ ಹೆಮ್ಮೆಯಾಯಿತಂತೆ ಪಾಪ. ಆಮೇಲೆ ವಿಪರೀತ ಭಯವಾಯಿತು. ಬದುಕಬೇಕಾದರೆ ಉಳಿದಿರೋದು ಒಂದೇ ದಾರಿ. ನಿಯಮದ ಪ್ರಕಾರ ಮುಳುಗಬೇಕು.

ಒದ್ದಾಡಿ ದಡದ ಕಡೆ ತಿರುಗಿದರು. ಬಲಗೈ ಎತ್ತಿದರು.

"ಮೊಣಕೈ ಸಾರ್, ಮೊಣಕೈ!" ಅಂತ ಮಕ್ಕಳು ಪ್ರೀತಿಯಿಂದ ನೆನಪಿಸಿದರು.

ನೆಟ್ಟಗೆ ಮಾಡಿದರು. ಕೈ ಮೇಲೆ ಹೋದಷ್ಟೂ ತಲೆ ಕೆಳಗೆ ಹೋಯಿತು. ಒಂದು ಸಲ 'ಕಾಪಾಡಿ' ಅಂದರು, ಒಂದು ಗುಟುಕು ನೀರು ಹೋಯಿತು. ಎರಡನೇ ಸಲ ಅಂದರು, ಇನ್ನೊಂದು ಗುಟುಕು. ಮೂರನೇದು ನೀರಿನ ಕೆಳಗಿಂದ ಬರೀ ಗುಳ್ಳೆಯಾಗಿ ಮೇಲೆ ಬಂತು.

ಧಕ್ಕೆಯ ಮೇಲೆ ಚರ್ಚೆ ಎದ್ದಿತು. ಗುಳ್ಳೆ ಲೆಕ್ಕಕ್ಕೆ ಉಂಟಾ, ಇಲ್ವಾ? ಸ್ಪಷ್ಟವಾಗಿ ಅಂತ ಬರೆದಿದೆ, ಗುಳ್ಳೆ ಸ್ಪಷ್ಟ ಅಲ್ಲ ಅಂದ ಒಬ್ಬ. ಗುಳ್ಳೆ ಸ್ಪಷ್ಟವಾಗೇ ಇತ್ತು ಅಂದ ಇನ್ನೊಬ್ಬ. ಅಷ್ಟರಲ್ಲಿ ಆ ಹುಡುಗಿ "ಉಂಟು" ಅಂತ ಟ್ಯೂಬು ಕಿತ್ತುಕೊಂಡು ಹಾರಿಯೇ ಬಿಟ್ಟಳು. ಅವಳು ಹಾರಿದ್ದೇ ತಡ, ಎಲ್ಲರೂ ದಬದಬ ಹಾರಿದರು.

ಎಳೆದು ತಂದರು. ಹೊಟ್ಟೆ ಅಮುಕಿದರು. ಕಡಲು ಕಡಲಿಗೆ ವಾಪಸ್ಸು ಹೋಯಿತು. ಮೇಷ್ಟ್ರು ಕಣ್ಣು ಬಿಟ್ಟಾಗ ಮಕ್ಕಳು ಸಾಲಾಗಿ ನಿಂತಿದ್ದರು. "ಸಾರ್, ನಾವು ಪಾಸಾ?"

ಮೇಷ್ಟ್ರು ಮೊಣಕೈ ಊರಿ ಎದ್ದು ಕೂತರು. ಆ ಹುಡುಗಿಯನ್ನ ಕೇಳಿದರು, "ಮೂರನೇದು ನಿಂಗೆ ಕೇಳಿಸ್ತಾ?"

"ಇಲ್ಲ ಸಾರ್. ಏನೂ ಕೇಳಿಸ್ಲಿಲ್ಲ. ಮುಳುಗೋಕೆ ಮುಂಚೆ ನಿಮ್ಮ ಕಣ್ಣು ನೋಡಿದ್ದೆ."

ಮೇಷ್ಟ್ರು ಮಗು ಹಾಗೆ ಅತ್ತರು. ಮಾರನೇ ದಿನ ಬೋರ್ಡು ಒರೆಸಿ ಹೊಸದಾಗಿ ಬರೆದರು: ಮೊದಲು ಕಣ್ಣು ನೋಡಿ. ಅನುಮಾನ ಬಂದರೆ ಹಾರಿ. ಪಟೇಲರು ಬೈದರೆ ಬೈಸಿಕೊಳ್ಳೋಣ.

ನಕ್ಕಿರಿ. ಚೆನ್ನಾಗಿ ನಕ್ಕಿರಿ. ಈಗ ಹೇಳಿ, ನಿಮ್ಮ ಮನೆಯಲ್ಲಿ ಬೋರ್ಡು ಇಲ್ವಾ? ನಾಲ್ಕು ದಿನದಿಂದ ನಿಮ್ಮ ತಮ್ಮ ಅರ್ಧ ಊಟಕ್ಕೇ ಎದ್ದು ಹೋಗ್ತಿದ್ದಾನೆ. ಸೊಸೆ ಯಾವ ಮಾತಿಗೂ 'ಏನಿಲ್ಲ ಅತ್ತೆ' ಅಂತ ಪಾತ್ರೆ ಕುಕ್ಕುತ್ತಾಳೆ. ಗೇಟಿನ ಹತ್ತಿರ ನಿಂತು ಹರಟೆ ಹೊಡೀತಿದ್ದ ಪಕ್ಕದ ಮನೆಯವರು ಈಗ ತಲೆ ತಗ್ಗಿಸಿ ಹೋಗ್ತಾರೆ. ನಿಮಗೆ ಕಾಣಿಸ್ತಿಲ್ವಾ? ಕಾಣಿಸ್ತಿದೆ. ಆದರೂ ನೀವೇನು ಅಂತೀರಿ? 'ಬಾಯಿ ಬಿಟ್ಟು ಹೇಳಿದ್ರೆ ನಾವು ಮಾಡ್ತಿರಲಿಲ್ವಾ?' ಅಂತೀರಿ. ಮುಳುಗೋನ ಬಾಯಲ್ಲಿ ನೀರು ಇರುತ್ತೆ ಸ್ವಾಮಿ, ಮಾತು ಎಲ್ಲಿಂದ ಬರಬೇಕು? ಅವರು ನಿಮ್ಮ ಲೆಕ್ಕದ ಪ್ರಕಾರ ಕೈ ಎತ್ತಲಿ, ನೀವು ಹೇಳಿದ ಹಾಗೆ ಅಳಲಿ, ಆಮೇಲೆ ನೋಡೋಣ ಅಂತ ಟ್ಯೂಬು ಹಿಡಿದು ನಿಂತಿದ್ದೀರಿ.

ಇವತ್ತು ಮನೆಗೆ ಹೋದ ಮೇಲೆ ಆ ತಮ್ಮನ ಪಕ್ಕ ತಟ್ಟೆ ಹಾಕಿಕೊಂಡು ಕೂತ್ಕೊಳ್ಳಿ. ಸೊಸೆ ಕೈಯಿಂದ ಪಾತ್ರೆ ತಗೊಳ್ಳಿ. ಪಕ್ಕದ ಮನೆಯ ಬಾಗಿಲು ತಟ್ಟಿ. ನಿಮ್ಮ ಊಹೆ ತಪ್ಪಾದರೆ ಏನಾಗುತ್ತೆ? ಒಂದು ಬೈಗುಳ ತಿಂತೀರಿ, ಅಷ್ಟೇ.

ಮನೆಗೆ ಹೋಗೋವರೆಗೂ ಯಾಕೆ? ಅಲ್ಲಿ ನೋಡಿ, ಈ ಮಂಟಪದ ಕಂಬದ ಹತ್ತಿರ. ಆ ತಾಯಿ ನಾನು ಕಥೆ ಶುರು ಮಾಡಿದಾಗಿಂದ ಮಗುವನ್ನ ಈ ಸೊಂಟದಿಂದ ಆ ಸೊಂಟಕ್ಕೆ ಹಾಕ್ಕೊಳ್ತಾ ನಿಂತಿದ್ದಾಳೆ. ಆಕೆ ಕೈ ಎತ್ತಲಿಲ್ಲ, ಕೂಗಲಿಲ್ಲ. ಮುಂದಿನ ಸಾಲಲ್ಲಿ ಜಮಖಾನದ ಮೇಲೆ ನಿಮ್ಮ ಚೀಲಗಳು ಕಾಲು ಚಾಚಿ ಕೂತು ಕಥೆ ಕೇಳ್ತಿವೆ. ಚೀಲ ಮಡಿಲಿಗೆ ಎತ್ಕೊಳ್ಳಿ. ಆಕೆ ಕೂತ ಮೇಲೆ ಮಂಗಳ ಹಾಡೋಣ.