ಸಿಲಿಂಡರಿನೊಳಗಿನ ಗೀರು

ಹೊಗೆ ತಪಾಸಣೆಯ ಸಾಲಿನಲ್ಲಿ ಸ್ಕೂಟರ್ ಹಿಡಿದು ನಿಂತಿದ್ದ ದರ್ಜಿಯ ಕಿವಿಗೆ ಮುಂದಿನ ಶಾಲಾ ವ್ಯಾನಿನ ಜಗಳ ಬಿತ್ತು. ಚಾಲಕ ಲೇತ್ ಶಾಪಿನ ತನ್ನ ಭಾವಮೈದನನ್ನು ತರಾಟೆಗೆ ತೆಗೆದುಕೊಂಡಿದ್ದ.

“ಮತ್ತೆ ಫೇಲು. ಇಂಜಿನ್ ರಿಪೇರಿಗೆ ಕೊಟ್ರೆ ನೀನು ಸಿಲಿಂಡರ್ ಒಳಗೆಲ್ಲಾ ಗೀರು ಬಿಟ್ಟು ಕೊಟ್ಟಿದ್ದೆ. ನೆಂಟರ ಕೆಲಸ ಅಂದ್ರೆ ಅಷ್ಟು ಸಸಾರನಾ? ಆಮೇಲೆ ನಾನೇ ಕೂತು ಉಜ್ಜಿ ಕನ್ನಡಿ ಹಾಗೆ ಮಾಡ್ದೆ.”

“ಉಜ್ಜಿದ್ರಾ? ಭಾವ, ಅದು ಬೇಕಂತ್ಲೇ ಹಾಕಿದ ಗೀರು, ಆಯಿಲ್ ನಿಲ್ಲೋದೇ ಅದ್ರಲ್ಲಿ. ಅದಿಲ್ದಿದ್ರೆ ಪಿಸ್ಟನ್ ರಿಂಗ್ ಸರಿಯಾಗಿ ಕೂರಲ್ಲ, ಆಯಿಲ್ ಮೇಲೇರಿ ಉರಿದು ಹೊಗೆಯಾಗುತ್ತೆ.”

“ಮೊದಲೇ ಬಾಯಿಬಿಡೋಕೆ ಏನಾಗಿತ್ತು?”

“ಉಜ್ಜೋ ಮುಂಚೆ ಒಂದು ಮಾತು ಕೇಳಿದ್ರಾ? ವ್ಯಾನಲ್ಲಿ ಆ ಹೊಗೆಗೆ ನಿಮ್ಮ ಮಗಳು ಕೆಮ್ಮಿದ್ರೆ, ಐಸ್‌ಕ್ಯಾಂಡಿ ತಿಂದೆ ಅಂತ ಅವಳಿಗೇ ಬೈದ್ರಲ್ಲ.”

ಕೀ ತಿರುಗಿಸಲು ಹೋದ ಚಾಲಕ ಕೈ ಹಿಂತೆಗೆದು ಕೆಳಗಿಳಿದ. ಇಬ್ಬರೂ ವ್ಯಾನನ್ನು ತಳ್ಳಿಕೊಂಡೇ ಲೇತ್ ಶಾಪಿನತ್ತ ಹೊರಟರು.