ಮೇಷ್ಟ್ರು ತಿದ್ದಿದ ರಕ್ತಪರೀಕ್ಷೆ

ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಗಂಡ ಗಣಿತದ ಮೇಷ್ಟ್ರಿರಬೇಕು. ತೊಡೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟು, ಕೈಯಲ್ಲಿ ಹೆಂಡತಿಯ ರಕ್ತಪರೀಕ್ಷೆಯ ರಿಪೋರ್ಟು, ಅದರ ಮೇಲೂ ಕೆಂಪು ಪೆನ್ನು. ನಾನು ಪುಸ್ತಕದೊಳಗೆ ಮುಖ ಹುದುಗಿಸಿ ಕಿವಿಯನ್ನು ಮಾತ್ರ ಅವರಿಗೆ ಕೊಟ್ಟೆ.

“ಎಚ್‌ಐವಿ ಇಲ್ಲ, ಹೆಪಟೈಟಿಸ್ ಇಲ್ಲ, ಸಿಫಿಲಿಸ್ ಇಲ್ಲ. ಭೇಷ್!”

“ರುಬೆಲ್ಲಾದ್ದು?”

“ಅದೂ ಇಲ್ಲ. ನೂರಕ್ಕೆ ನೂರು! ಈ ತಿಂಗಳೇ ಮಗುವಿಗೆ ಪ್ರಯತ್ನ ಅಂತ ಅಮ್ಮನಿಗೆ ಫೋನೂ ಮಾಡಿಬಿಟ್ಟೆ.”

“ಅತ್ತೆಗೆ ಅದನ್ನೆಲ್ಲ ಹೇಳ್ತಾರೇನ್ರೀ! ಡಾಕ್ಟರು ಹೇಳಿದ್ದು ಮರೆತ್ರಾ? ಅದು ರೋಗ ಹುಡುಕೋದಲ್ಲ, ರೋಗ ತಡೆಯೋ ಶಕ್ತಿ ಹುಡುಕೋ ಪರೀಕ್ಷೆ; ಅಲ್ಲಿ ಇಲ್ಲ ಅಂದ್ರೆ ನನಗೆ ರುಬೆಲ್ಲಾದಿಂದ ರಕ್ಷಣೆ ಇಲ್ಲ ಅಂತ. ಬಸುರಲ್ಲಿ ಬಂದ್ರೆ ಮಗುಗೇ ಅಪಾಯ. ಈಗ ಲಸಿಕೆ ಹಾಕಿಸ್ಕೊಂಡು ಒಂದು ತಿಂಗಳು ಕಾಯಬೇಕು.”

ಮೇಷ್ಟ್ರು ಕೊನೆಯ ಸಾಲಿನ ರೈಟನ್ನು ಮೆಲ್ಲಗೆ ಹೊಡೆದುಹಾಕಿದರು.

“ಅಮ್ಮ ಆಗಲೇ ಟೋಪಿ ಹೆಣೀತಿದ್ದಾಳೆ ಕಣೇ.”

“ಹೆಣೀಲಿ ಬಿಡಿ. ತಿಂಗಳು ಸಿಕ್ಕಿದ್ರೆ ಕಾಲುಚೀಲನೂ ಆಗುತ್ತೆ.”

ಹೆಂಡತಿ ರಿಪೋರ್ಟನ್ನು ಡಾಕ್ಟರಿಗೆ ತೋರಿಸಿ ಬಂದ ಮೇಲೆ ಲಸಿಕೆ ಕೋಣೆಯಿಂದ ನರ್ಸ್ ಕರೆದರು. ಮೇಷ್ಟ್ರು ಹೆಂಡತಿಯ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಎದ್ದರು.

“ಹೆದರಬೇಡ, ನಾನಿದ್ದೀನಿ.”

“ಕಣ್ಣು ಬಿಟ್ಕೊಂಡು ನಡೀರಿ, ಬಾಗಿಲು ತಾಗುತ್ತೆ.”

ಅವರು ಒಳಗೆ ಹೋದ ಮೇಲೆ ನರ್ಸಿನ ದನಿ ಮಾತ್ರ ಕೇಳಿಸಿತು: “ಇಬ್ಬರಲ್ಲಿ ಸೂಜಿ ಯಾರಿಗಮ್ಮಾ?”