ಪೆಟ್ಟಿಗೆಯ ಮೇಲೆ ಮೂರು ಮುದ್ರೆ

ವಿಶ್ವಜಿತ್ ತನ್ನ ಪ್ರೊಫೆಸರರನ್ನು ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದ. ಹೈದರಾಬಾದಿನ ನಾಂಪಲ್ಲಿಯ ಆಸ್ಪತ್ರೆಯಲ್ಲಿ ನಿಂತಿದ್ದ ರೋಗಿಗಳ ಸಾಲು ಚದುರಿತು. ಯಾರಿಗೂ ತಿಳಿಯಬಾರದೆಂದು ಇಬ್ಬರೂ ತೆಲುಗು ಬಿಟ್ಟು ಕನ್ನಡಕ್ಕಿಳಿದರು. ಸಾಲಿನಿಂದ ಸರಿದು ಪಕ್ಕದಲ್ಲೇ ನಿಂತಿದ್ದ ಅಪರಿಚಿತೆ ಕೋಕಿಲಾಳ ಮನೆಮಾತು ಅದೇ ಆಗಿತ್ತು.

"ಬ್ಯಾಟರಿ ಸಿಡಿದು ನಮ್ಮ ಲ್ಯಾಬಿನ ಹುಡುಗಿ ಭಕ್ತಿದು ಎರಡೂ ಕಣ್ಣು ಹೋದ್ವರಿ ಸರ್!"

"ಆಕಿದ ತಪ್ಪು ಅಂತ ಸಾಕ್ಷಿ ಸಹಿ ಹಾಕು."

"ಕಂಪನಿಯವ್ರು ಅವಸರ ಮಾಡಿದ್ರು, ನೀವು ಹೂಂ ಅಂದ್ರಿ, ಸರ್ಕಾರದ ಸಾಹೇಬ್ರು ಒಪ್ಪಿದ್ರು. ಬ್ಯಾಟರಿ ಪೆಟ್ಟಿಗಿ ಮ್ಯಾಲೆ ಮೂವರದೂ ಮುದ್ರಿ ಐತಿ. ತಪ್ಪು ಮಾತ್ರ ಆಕಿ ಒಬ್ಬಾಕಿದೇನ್ರಿ?"

"ಪೇಟೆಂಟಿನ್ಯಾಗ ನಿನ್ನ ಹೆಸರು ಮೊದಲು ಹಾಕಸ್ತೀನಿ."

ವಿಶ್ವಜಿತನ ಹಿಡಿತ ಸಡಿಲಾಯಿತು. ಪ್ರೊಫೆಸರರು ತುಟಿಯ ರಕ್ತ ಒರೆಸಿಕೊಂಡು ಕಾಗದ ಬಿಡಿಸಿದರು. ಜೇಬಿನ ಪೆನ್ನು ಮುರಿದಿತ್ತು. ನಗುತ್ತ ಕೋಕಿಲಾಳ ಕಡೆ ತಿರುಗಿ ತೆಲುಗಿನಲ್ಲಿ ಪೆನ್ನು ಕೇಳಿದರು.

"ಅಮ್ಮಾ, ಪೆನ್ನು ಉಂದಾ?"

"ಐತ್ರಿ. ಕೊಡಂಗಿಲ್ಲ."